ಹಡಗಿಗೆ ಹೊರಟ ಅವ್ವನ ಮಾತ್ರೆ

"ಊಂ ಕಣ್ ಭಾವ, ನಾನು ಒಂಬತ್ತನೇ ಕ್ಲಾಸ್ಗೇ ಇಸ್ಕೂಲ್ ಬುಟ್ಟೋನು. ಆದ್ರೆ ಶಿಪ್ಪಿನ ರೂಲ್ಸ್ನೆಲ್ಲಾ ಓದಿವ್ನಿ!"

ಗೆಳೆಯರೇ, ಇದು ಇವತ್ತು ಬೆಳಿಗ್ಗೆ ಮದ್ದೂರಿನ ನಮ್ಮ ಮನೆಯ ಜಗಳ. ಮನೆಯವರೆಲ್ಲ ಮೊದಲ ಸಲ ಪ್ರವಾಸಿ ಹಡಗು ಹತ್ತಲು ನಾಳೆ ಹೊರಡುತ್ತೇವೆ. ಬುಕ್ ಮಾಡಿದ್ದು ನಾನೇ. ಅಕ್ಕನ ಗಂಡ, ಲೆಕ್ಚರರ್ ಭಾವ, ಅವ್ವನ ಬಿಪಿ ಮಾತ್ರೆ, ಆಧಾರ್ ಎರಡನ್ನೂ ದೊಡ್ಡ ಸೂಟ್‌ಕೇಸಿನಲ್ಲಿ ರಾಗಿಹಿಟ್ಟಿನ ಕೆಳಗೆ ತುಂಬಿದ್ದರು.

"ದೊಡ್ಡ ಬ್ಯಾಗ್ನ ಬಂದರಲ್ಲೇ ಈಸ್ಕತಾರೆ, ರೂಮ್ಗೆ ಬರಾದು ಸಂಜೆಗೆ. ಅಲ್ಲೀಗಂಟ ಅವ್ವ ಮಾತ್ರೆ ಇಲ್ದೆ ಇರ್ಬೇಕಾ? ಆಧಾರ್ ಇಲ್ದೆ ಶಿಪ್ಗೆ ಅತ್ತುಸ್ತಾರಾ?" ಎಂದೆ.

"ಸರಿ, ಈ ರಾಗಿಹಿಟ್ಟಲ್ಲಿ ಮುದ್ದೆ ಎಲ್ಲಿ ಮಾಡೋದಪ್ಪಾ?" ಎಂದರು ಭಾವ.

"ಅಲ್ಲಿ ಒಲೆ ಅಚ್ಚಂಗಿಲ್ಲ ಭಾವ!"

ಅವ್ವ ಸೂಟ್‌ಕೇಸ್ ಬಿಚ್ಚಿ, ಮಾತ್ರೆ, ಆಧಾರ್ ತೆಗೆದು ನನ್ನ ಕೈಗಿಟ್ಟಳು. "ನನ್ ಮಗ ಏಳ್ದಂಗೇ ಆಗ್ಲಿ, ಬುಡಿ."

ಅಷ್ಟು ಸಾಕು, ನನಗೆ ಅದೇ ಡಿಗ್ರಿ. ಭಾವ ಮತ್ತೆ ಬಾಯಿ ತೆರೆದರು. ಅದನ್ನು ಕೇಳಲು ನಿಲ್ಲದೆ, ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಗೆ ಬಂದೆ.