ಅತ್ತೆ ಕೊಟ್ಟ ಗುರುವಾರ

ಮಗನಿಗೆ ಆಗ ಒಂದೂವರೆ ವರ್ಷ. ಒಂದು ಬೆಳಿಗ್ಗೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಐದು ವರ್ಷದ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಲು ಮೂರನೆಯ ಮಹಡಿಯಿಂದ ಇಳಿಯುತ್ತಿದ್ದೆ. ನಡುವೆ ಕಣ್ಣು ಕತ್ತಲೆಗಟ್ಟಿತು. ಹೇಗೋ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಗು ಕೈಯಿಂದ ಜಾರಲಿಲ್ಲ. ಆದರೆ ಜಾರಬಹುದಿತ್ತು ಎನ್ನುವುದು ಆಮೇಲೆ ಎಷ್ಟೋ ದಿನ ತಲೆಯಿಂದ ಹೋಗಲಿಲ್ಲ.

ಧನಕವಡಿಯಲ್ಲಿ ನಮ್ಮ ಮನೆಗೆ ಹತ್ತಿರವಿದ್ದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಭಾರಿ ಕಡಿಮೆಯಾಗಿತ್ತು. ಊಟಕ್ಕೆ ಏನು ತಿನ್ನುತ್ತೀ ಎಂದು ಅವರು ಮರಾಠಿಯಲ್ಲಿ ಕೇಳಿದಾಗ ನಾನು ಲೆಕ್ಕ ಒಪ್ಪಿಸತೊಡಗಿದೆ: ಮಗಳು ಬಿಟ್ಟ ಅರ್ಧ ಚಪಾತಿ, ಮಗನ ಬಟ್ಟಲಿನ ತಳದ ಮೊಸರನ್ನ, ನಿಂತಲ್ಲೇ ಒಂದು ಬಾಳೆಹಣ್ಣು. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಜೊತೆಗೆ ಬಂದಿದ್ದ ಅತ್ತೆಯೂ ನೋಡಿದರು. ಮನೆಯಲ್ಲಿ ಯಾರೂ ನನ್ನನ್ನು ಉಪವಾಸ ಕೆಡವಿರಲಿಲ್ಲ. ಕೂತು ಉಣ್ಣುವುದು ನನಗೇ ಮರೆತುಹೋಗಿತ್ತು.

ಆ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಅತ್ತೆ ಮೆಂತ್ಯದ ಸೊಪ್ಪು ಸೋಸುತ್ತ ನನ್ನನ್ನು ಹತ್ತಿರ ಕರೆದರು. ಅವರು ಮದುವೆಯಾಗಿ ಧಾರವಾಡದಿಂದ ಈ ಮರಾಠಿ ಊರಿಗೆ ಬಂದು, ಖಡಕಿ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಮೂರು ಮಕ್ಕಳನ್ನು ಬೆಳೆಸಿದವರು. ಆ ಕಾಲದ ಅವರ ಗುರುವಾರದ ಭಜನೆ ನಮ್ಮ ಮನೆಯಲ್ಲಿ ದೊಡ್ಡ ಹೆಸರು ಪಡೆದಿತ್ತು. ಮಳೆಯಿರಲಿ, ನೆಂಟರಿರಲಿ, ಮಕ್ಕಳನ್ನು ತನ್ನ ಅತ್ತೆಯ ಬಳಿ ಬಿಟ್ಟು ದತ್ತನ ಭಜನೆಗೆ ಹೋಗುತ್ತಿದ್ದಳು ನಮ್ಮವ್ವ ಎಂದು ನನ್ನ ಗಂಡ ಹೆಮ್ಮೆಯಿಂದ ಹೇಳುವುದಿತ್ತು.

"ನಾ ಭಜನಿಗೆ ಹೋಗ್ತಿದ್ದಿಲ್ಲ," ಎಂದರು ಅತ್ತೆ, ಸೊಪ್ಪಿನಿಂದ ಕಣ್ಣೆತ್ತದೆ. "ಮಲಗಲಿಕ್ಕೆ ಹೋಗ್ತಿದ್ದೆ."

ಎರಡು ಓಣಿ ಆಚೆ ಬೆಳಗಾವಿಯ ಕಡೆಯ ಒಬ್ಬ ಗೆಳತಿ ಇದ್ದಳಂತೆ, ಮಕ್ಕಳಿಲ್ಲದವಳು. ಅವಳು ಚಾಪೆ ಹಾಸಿ, ಕಿಟಕಿ ಮುಚ್ಚಿ, ತಾನು ಹೊರಗಿನ ಕಟ್ಟೆಯ ಮೇಲೆ ಕೂತು ಹೊಲಿಗೆ ಹಾಕುತ್ತಿದ್ದಳು. ಅತ್ತೆ ಎರಡು ತಾಸು ನಿದ್ದೆ ಮಾಡಿ, ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು ಮನೆಗೆ ಬರುತ್ತಿದ್ದರು. ಪ್ರಸಾದ ಬೇಕಲ್ಲ, ಅದಕ್ಕೆ ಗೆಳತಿ ಒಂದು ಚಿಟಿಕೆ ಸಕ್ಕರೆ ಕಟ್ಟಿಕೊಡುತ್ತಿದ್ದಳು. ಹತ್ತು ವರ್ಷ ಭಜನೆಗೆ ಹೋದವರಿಗೆ ಒಂದು ಅಭಂಗವೂ ಪೂರ್ತಿ ಬಾರದೇಕೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. "ಆ ನಿದ್ದಿ ಇರಲಿಲ್ಲಂದ್ರ ನಾ ಮಕ್ಕಳನ್ನ ಭಾಳ ಹೊಡೀತಿದ್ದೆ," ಎಂದರು. "ನೀ ಸುಳ್ಳು ಹೇಳೂದು ಬ್ಯಾಡ. ಗುರುವಾರ ಮೂರರಿಂದ ಐದು, ನೀ ಈ ಮನ್ಯಾಗ ಇರಬಾರದು."

ಮೊದಲ ಗುರುವಾರ ಹೊರಬಿದ್ದವಳಿಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಕಾತ್ರಜದ ಕಡೆ ನಡೆದೆ, ಬದನೆಕಾಯಿ ಕೊಂಡೆ, ಮಗನಿಗೆ ಸಾಕ್ಸು ಕೊಂಡೆ, ನಲವತ್ತು ನಿಮಿಷಕ್ಕೆ ಮರಳಿದೆ. ಅತ್ತೆ ಬಾಗಿಲನ್ನು ಅರ್ಧ ತೆರೆದು ಚೀಲ ಮಾತ್ರ ಒಳಗೆ ತೆಗೆದುಕೊಂಡರು. ಇನ್ನೂ ಟೈಮ್ ಅದ ಎಂದು ಬಾಗಿಲು ಹಾಕಿಕೊಂಡರು. ಮಿಕ್ಕ ಹೊತ್ತು ಕಟ್ಟಡದ ಕೆಳಗೆ ಯಾರದೋ ಸ್ಕೂಟರಿನ ಮೇಲೆ ಕೂತು ಕಳೆದೆ.

ಎರಡನೆಯ ವಾರ ಕಾಲೇಜಿನ ಹುಡುಗಿಯರು ತುಂಬಿಕೊಂಡಿದ್ದ ಒಂದು ಸಣ್ಣ ಹೋಟೆಲಿಗೆ ಹೋಗಿ ಪಾವ್ ಬ್ರೆಡ್ಡಿನ ಜೊತೆ ಖಾರದ ಕಾಳಿನ ಮಿಸಳ್ ತರಿಸಿದೆ. ತಟ್ಟೆ ಬಂದ ಕೂಡಲೇ ನನ್ನ ಕೈ ತಾನಾಗಿ ಪಾವನ್ನು ಚೂರುಚೂರು ಮಾಡತೊಡಗಿತು, ಎದುರಿಗೆ ಮಗು ಕೂತಿದೆಯೇನೋ ಎನ್ನುವ ಹಾಗೆ. ತಡೆದುಕೊಂಡೆ. ಊದದೆ, ಆರಿಸದೆ, ಬಿಸಿಬಿಸಿ ಕೆಂಪು ರಸದಲ್ಲಿ ದೊಡ್ಡ ತುಂಡು ಅದ್ದಿ ತಿಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದುಕೊಂಡೆ. ಎರಡನೆಯ ಜೋಡಿ ಪಾವ್ ತರಿಸಿದೆ.

ಹೀಗೆ ಎರಡು ತಿಂಗಳಾಗಿರಬೇಕು. ಒಂದು ಗುರುವಾರ ನಾನು ಮರಳಿದಾಗ ಮನೆಗೆ ಬೀಗ. ಪಕ್ಕದ ಮನೆಯವರು ಮಗಳನ್ನು ತಮ್ಮ ಬಳಿ ಕೂರಿಸಿಕೊಂಡಿದ್ದರು. ಮಗ ಮಂಚದ ಮೂಲೆಗೆ ಹಣೆ ಒಡೆದುಕೊಂಡಿದ್ದ. ಅತ್ತೆ ಅವನನ್ನು ಎತ್ತಿಕೊಂಡು ರಿಕ್ಷಾದಲ್ಲಿ ಡಾಕ್ಟರ ಬಳಿ ಹೋಗಿದ್ದರು. ಗಡಿಬಿಡಿಯಲ್ಲಿ ಅವರ ಫೋನು ಮನೆಯಲ್ಲೇ ಉಳಿದಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಮೂರು ಹೊಲಿಗೆ ಬಿದ್ದಿದ್ದವು. ಮಗ ನನ್ನನ್ನು ಕಂಡು ಕೈ ಚಾಚಿದ. ಅತ್ತೆಯ ಸೀರೆಯ ಸೆರಗಿನ ಮೇಲೆ ರಕ್ತದ ಕಲೆ, ಕಾಲಲ್ಲಿ ಒಂದು ಅವರ ಚಪ್ಪಲಿ, ಇನ್ನೊಂದು ನನ್ನದು.

ಇನ್ನು ನಾನು ಹೋಗುವುದಿಲ್ಲ ಎಂದು ಅಂದೇ ಹೇಳಿಬಿಟ್ಟೆ. ಗಂಡ ಹೂಂ ಎಂದ. ತಡೆಯದೆ ಒಪ್ಪಿಕೊಂಡದ್ದೇ ನನಗೆ ಚುಚ್ಚಿತು. ಅತ್ತೆ ಕಲೆಯಾದ ಸೆರಗನ್ನು ತಣ್ಣೀರಲ್ಲಿ ತಿಕ್ಕುತ್ತಿದ್ದರು. ಮುಂದಿನ ಗುರುವಾರ ಕಳೆಯಿತು, ಅದರ ಮುಂದಿನದೂ ಕಳೆಯಿತು. ಮೂರನೆಯ ಗುರುವಾರ ಮೂರು ಗಂಟೆಗೆ ನನ್ನ ಗಂಡ ಆಫೀಸಿಗೆ ಅರ್ಧ ರಜೆ ಹಾಕಿ ಮನೆಗೆ ಬಂದ. ಅತ್ತೆ ಅವನನ್ನು ಕರೆಸಿದ್ದರು.

"ನೀ ಇದ್ದಿದ್ರೂ ಬೀಳ್ತಿದ್ದ," ಎಂದರು ನನಗೆ. "ನನ್ನ ಮೂರೂ ನನ್ನ ಕಣ್ಣೆದುರೇ ಬಿದ್ದಾವ. ಇವನ ಮೊಣಕೈ ನೋಡು ಬೇಕಾದ್ರ." ಗಂಡ ವಿಧೇಯನಾಗಿ ಅಂಗಿಯ ತೋಳು ಮೇಲೇರಿಸಿ ಹಳೆಯ ಗಾಯದ ಗುರುತು ತೋರಿಸಿದ. "ನನಗೂ ವಯಸ್ಸಾತು. ಒಬ್ಬಾಕಿಗೇ ಆಗೂದಿಲ್ಲ. ಇನ್ನ ಮ್ಯಾಲೆ ಅಪ್ಪನೂ ಇರಲಿ."

ನಾನು ಹೋದೆ. ಗಂಡನಿಗೆ ಪ್ರತಿ ಗುರುವಾರ ರಜೆ ಸಿಗದ ಕಾರಣ ನನ್ನ ಹೊತ್ತು ಶನಿವಾರಕ್ಕೆ ಸರಿಯಿತು. ಮಗನ ಡಯಾಪರ್ ಎಲ್ಲಿದೆ ಎಂದು ಫೋನ್ ಮಾಡುವುದನ್ನು ಅವನು ಮೂರನೆಯ ವಾರಕ್ಕೆ ಬಿಟ್ಟ. ನನ್ನ ರಕ್ತ ಏರಿತು, ನಿಧಾನಕ್ಕೆ ಧ್ವನಿ ಇಳಿಯಿತು. ಮೊದಲೆಲ್ಲ ಹಾಲು ಚೆಲ್ಲಿದರೆ ನಾನು ಕಿರುಚುವ ಮೊದಲೇ ಮಗಳು ಭುಜ ಕುಗ್ಗಿಸಿ ನಿಲ್ಲುತ್ತಿದ್ದಳು. ಆ ಅಭ್ಯಾಸ ಯಾವಾಗ ಹೋಯಿತೋ ಗಮನಿಸಲಿಲ್ಲ. ಒಂದು ದಿನ ಅವಳು ಹಾಲು ಚೆಲ್ಲಿ, ತಾನೇ ಅರಿವೆ ತಂದು, ಹಾಡಿಕೊಳ್ಳುತ್ತ ಒರೆಸುತ್ತಿದ್ದುದನ್ನು ಕಂಡಾಗಲೇ ತಿಳಿಯಿತು.

ಕಳೆದ ಚಳಿಗಾಲದಲ್ಲಿ ನಾನು ಅತ್ತೆಯನ್ನು, ನಿಮಗ ಈಗ ಏನು ಬೇಕ್ರಿ ಎಂದು ಕೇಳಿದೆ. ನಿದ್ದೆಯಂತೂ ಈಗ ಬೇಡವಂತೆ, ಕರೆದರೂ ಬರುವುದಿಲ್ಲವಂತೆ. ಮರಾಠಿ ನಾಟಕ ನೋಡಬೇಕು ಎಂದರು, ತಮ್ಮ ಮಕ್ಕಳು ಹುಟ್ಟಿದ ಮೇಲೆ ನೋಡೇ ಇಲ್ಲ ಎಂದರು. ಈಗ ತಿಂಗಳಿಗೊಂದು ಭಾನುವಾರ ಪಕ್ಕದ ಮನೆಯವರೊಂದಿಗೆ ಮಧ್ಯಾಹ್ನದ ಆಟಕ್ಕೆ ಹೋಗುತ್ತಾರೆ. ಬಂದ ಮೇಲೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಮಕ್ಕಳಿಗೆ ಇಡೀ ಕಥೆ ಹೇಳುತ್ತಾರೆ. ಎಲ್ಲ ಪಾತ್ರಗಳನ್ನೂ ತಾವೇ ಮಾಡುತ್ತಾರೆ.