ಹೊಸ್ತಿಲಾಚೆ ಬಂದ ಬಾಣಲೆ

ಕಡಲತೀರದ ದೊನೊಸ್ತಿಯಾ ಊರಿನ ಮೀನು ಮಾರುಕಟ್ಟೆಯಲ್ಲಿ ಕೊಂಚೆಸಿಯ ಬಾಯಿಗೆ ಹೆದರದವರಿಲ್ಲ. ಹಳತಾಗಿ ಕಣ್ಣು ಮಂಕಾದ ಮೀನನ್ನು ಯಾರಾದರೂ ಹೊಗಳಿ ಮಾರಿದರೆ ಅವರ ಮಾನ ಅಲ್ಲೇ ಹರಾಜು. ಇಂಥವಳು ಗಂಡನ ಅಡುಗೆ ಸಂಘಕ್ಕೆ ಹೋದರೆ ಮಾತ್ರ ಊಟದ ಮೇಜು ಬಿಟ್ಟು ಮುಂದಕ್ಕೆ ಕಾಲಿಡುವಂತಿರಲಿಲ್ಲ. ಅಲ್ಲಿ ಗಂಡಸರೇ ಸೇರಿ ಅಡುಗೆ ಮಾಡಿ ಬಡಿಸುವುದು, ಒಲೆ ಅವರದು. ಹೆಂಗಸರು ಬರಬಹುದು, ಉಣ್ಣಬಹುದು, ಬಾಯ್ತುಂಬ ಹೊಗಳಬಹುದು. ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ.

ಗಂಡ ಇನಾಶಿಯೊ ಪಿಲ್-ಪಿಲ್ ಎಂಬ ಮೀನಿನ ಅಡುಗೆ ಮಾಡುವುದರಲ್ಲಿ ಸಂಘಕ್ಕೇ ಹೆಸರಾದವನು. ಮೀನಿನ ಗದ್ದದ ಮಾಂಸವನ್ನು ಬೆಳ್ಳುಳ್ಳಿ ಎಣ್ಣೆಯಲ್ಲಿ ಬಿಸಿ ಮಾಡಿ, ಮಣ್ಣಿನ ಬಾಣಲೆಯನ್ನು ತಿರುವುತ್ತಲೇ ಇದ್ದರೆ ಎಣ್ಣೆಯೇ ಬೆಳ್ಳಗಿನ ಗೊಜ್ಜಾಗುತ್ತದೆ. "ನಮ್ಮಮ್ಮನ ಕೈಗುಣ" ಎನ್ನುತ್ತಿದ್ದ. ಶುದ್ಧ ಸುಳ್ಳು! ಕಲಿಸಿದವಳು ಕೊಂಚೆಸಿ, ಮದುವೆಯಾದ ಹೊಸತರಲ್ಲಿ. ಆ ಮಾತು ಕೇಳಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಆದರೂ ನಾಲ್ಕು ಜನರೆದುರು ಗಂಡನ ಮರ್ಯಾದೆ ತೆಗೆಯಲು ಮನಸ್ಸು ಬರುತ್ತಿರಲಿಲ್ಲ.

ಕರಾವಳಿಯ ಇನ್ನೊಂದು ಊರು ಬೆರ್ಮೆಯೊದ ಅಡುಗೆ ಸಂಘದವರು ಊರು ನೋಡಲು ಬಂದ ದಿನ ಜಿನುಗು ಮಳೆ. ಕೊಲ್ಲಿ, ನಡುವಿನ ದ್ವೀಪ ಎಲ್ಲವೂ ತನ್ನಪ್ಪನ ಆಸ್ತಿಯೇನೋ ಎಂಬಂತೆ ತೋರಿಸುತ್ತ, ಉರ್ಗುಲ್ ಗುಡ್ಡದ ಮೆಟ್ಟಿಲಲ್ಲಿ ಹಿಂದೆ ಹಿಂದಕ್ಕೆ ನಡೆಯುತ್ತಿದ್ದ ಇನಾಶಿಯೊ ಜಾರಿ ಬಿದ್ದ. ಬಲಗೈ ಮಣಿಕಟ್ಟು ಊದಿಕೊಂಡಿತು. ಸಂಘದಲ್ಲಿ ಅತಿಥಿಗಳ ಊಟದ ಹೊತ್ತಿಗೆ ಗೆಳೆಯ ಬಿಶೆಂತೆ ಬಾಣಲೆ ಹಿಡಿದ. ಎಷ್ಟು ತಿರುವಿದರೂ ಎಣ್ಣೆ ಒಂದು ಕಡೆ, ಮೀನು ಒಂದು ಕಡೆ.

"ಏನಪ್ಪಾ, ಮೀನು ಇನ್ನೂ ಸಮುದ್ರದಲ್ಲೇ ಇದೆಯಾ?" ಬೆರ್ಮೆಯೊದ ಹಿರಿಯ ಯುಸ್ತಾಕಿಯೊ ಮೇಜಿನಿಂದ ಕೂಗಿದ.

ಇನಾಶಿಯೊ ಅಡುಗೆಮನೆಯ ಹೊಸ್ತಿಲಿಗೆ ಬಂದು, ಮೇಜಿನ ಬಳಿ ಕೂತಿದ್ದ ಹೆಂಡತಿಯನ್ನು ಕರೆದ. "ಇವತ್ತು ನನ್ನ ಮಾನ ಹೋಗುತ್ತೆ ಕಣೆ."

"ನಿಮ್ಮಮ್ಮನ್ನ ನೆನೆಸ್ಕೊಳ್ಳಿ."

"ತಮಾಷೆ ಬೇಡ್ವೆ, ಕೈ ಮುಗೀತೀನಿ."

"ನಾನು ಒಳಗೆ ಬರೋ ಹಾಗಿಲ್ವಲ್ಲ. ಬಾಣಲೇನೇ ಈಚೆ ತಗೊಂಡ್ ಬನ್ನಿ. ಎಣ್ಣೆ ಬಿಸಿಯಿದ್ರೆ ಸಾಕು, ಒಲೆ ಯಾರಿಗ್ ಬೇಕು?"

ಬಿಶೆಂತೆ ಬಾಣಲೆ ತಂದು ಮೇಜಿನ ಮೇಲಿಟ್ಟ. ಕೊಂಚೆಸಿ ಎರಡೂ ಕೈಯಲ್ಲಿ ಹಿಡಿದು ತಿರುವತೊಡಗಿದಳು, ಅವಸರವಿಲ್ಲದೆ, ಮಗುವನ್ನು ತೂಗಿದ ಹಾಗೆ. ಎಣ್ಣೆ ಮಬ್ಬಾಯಿತು, ಬೆಳ್ಳಗಾಯಿತು, ಮೀನನ್ನು ಅಪ್ಪಿಕೊಂಡಿತು. ಬೆರ್ಮೆಯೊದವರು ಬ್ರೆಡ್ಡಿನಿಂದ ಬಾಣಲೆಯ ತಳ ಒರೆಸಿ ತಿಂದರು.

ಯುಸ್ತಾಕಿಯೊ ಲೋಟ ಎತ್ತಿದ. "ಭೇಷ್ ಕಣಮ್ಮ! ಗಂಡನ ಹತ್ರ ಚೆನ್ನಾಗ್ ಕಲ್ತಿದೀಯ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಂಚೆಸಿ ತಲೆ ತಗ್ಗಿಸಿದಳು. ಈಗಲೂ ಇವನು ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಬಿಡುವುದಿಲ್ಲ ಎಂದುಕೊಂಡಳು.

ಇನಾಶಿಯೊ ಎದ್ದು ನಿಂತ. ಮುಖ ಕೆಂಪಾಗಿತ್ತು. "ಅವಳು ನನ್ನ ಹತ್ರ ಕಲ್ತಿದ್ದಲ್ಲ, ನಾನು ಅವಳ ಹತ್ರ ಕಲ್ತಿದ್ದು. ನಮ್ಮಮ್ಮಂಗೆ ಮೊಟ್ಟೆ ಬೇಯ್ಸೋಕೂ ಬರ್ತಿರ್ಲಿಲ್ಲ."

ಎದ್ದ ನಗು, ಚಪ್ಪಾಳೆಗೆ ಕಿಟಕಿ ಗಾಜು ಅದುರಿತು. ಬಿಶೆಂತೆ ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದು, "ಬಾ ಕೊಂಚೆಸಿ, ಇವತ್ತಿಂದ ಈ ಒಲೆ ನಿಂದೂ ಹೌದು" ಎಂದ.

ಕೊಂಚೆಸಿ ಕೂತಲ್ಲಿಂದಲೇ ಕತ್ತು ಚಾಚಿ ಒಳಗೆ ರಾಶಿಬಿದ್ದ ಮುಸುರೆ ಪಾತ್ರೆಗಳನ್ನು ನೋಡಿದಳು.

"ಅಯ್ಯೋ ಬೇಡಪ್ಪ, ನಂಗೇನು ಹುಚ್ಚಾ? ನಿಮ್ಮ ಒಲೆ ನೀವೇ ಇಟ್ಕೊಳ್ಳಿ. ಮೊದ್ಲು ಕಾಫಿ ತನ್ನಿ."

ಇನಾಶಿಯೊನೇ ಎಡಗೈಯಲ್ಲಿ ಅರ್ಧ ಚೆಲ್ಲಿಕೊಂಡು ತಂದ, ಅತಿಥಿಗಳಿಗಿಂತ ಮೊದಲು ಅವಳ ಮುಂದಿಟ್ಟ. ಸಕ್ಕರೆ ಮರೆತಿದ್ದ. ಕೊಂಚೆಸಿ ಹಾಗೇ ಕುಡಿದಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.