ಪ್ರೋಗ್ರಾಮಿಗೊಂದು ಹಪ್ಪಳದ ನಿಯಮ

ಯಲಹಂಕ ಉಪನಗರದ ಪಾಲಿಟೆಕ್ನಿಕ್ಕೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಮುರಿಗೆಪ್ಪನವರಿಗೆ ಒಂದು ಚಾಳಿಯಿದೆ. ಕೈಗೆ ಸಿಕ್ಕಿದ್ದನ್ನು ಪೂರ್ತಿ ಓದುತ್ತಾರೆ. ಔಷಧಿ ಡಬ್ಬಿಯೊಳಗಿನ ಚೀಟಿ, ಬಸ್ ಟಿಕೆಟ್ಟಿನ ಹಿಂಭಾಗ, ಲಗ್ನಪತ್ರಿಕೆಯ ತಳದಲ್ಲಿರುವ ಪ್ರೆಸ್ಸಿನ ವಿಳಾಸ, ಯಾವುದನ್ನೂ ಬಿಡುವುದಿಲ್ಲ. ಬಾಗಲಕೋಟೆಯಿಂದ ಬಂದು ಇಪ್ಪತ್ತು ವರ್ಷವಾದರೂ ಅದು ಹೋಗಿಲ್ಲ.

ಸಂಜೆಗೆ ಅವರದು ಸಂಬಳವಿಲ್ಲದ ಇನ್ನೊಂದು ಕೆಲಸ. ಕಂಪ್ಯೂಟರ್ ಪರದೆಯ ಕನ್ನಡವನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಒಂದಿದೆ. ಹತ್ತಾರು ಜನ ಬಿಡುವಿನಲ್ಲಿ ಸೇರಿ ಬರೆಯುವಂಥದ್ದು. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಎಂಟು ತಿಂಗಳು ಕೂತು ಮುರಿಗೆಪ್ಪ ಅದಕ್ಕೊಂದು ಹೊಸ ದನಿ ಮಾಡಿದ್ದರು. ಅದು ಬೇಕೋ ಬೇಡವೋ ಎಂಬ ಮತದಾನ ಮುಂದಿನ ತಿಂಗಳಿತ್ತು.

ಆಗ ಫೋನ್ ಮಾಡಿದವರು ಅತೀಯಾ. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಕಣ್ಣು ಕಾಣದು, ಕೆಲಸವೆಲ್ಲ ಈ ಪ್ರೋಗ್ರಾಮಿನ ಮೇಲೆ. ಆರು ವರ್ಷದಲ್ಲಿ ಅದರ ಮುನ್ನೂರು ತಪ್ಪು ಹುಡುಕಿ ಕೊಟ್ಟಿದ್ದಾರೆ. ಆದರೆ ಪ್ರೋಗ್ರಾಂ ಬರೆಯುವ ಬಳಗದ ನಾಲ್ಕನೇ ನಿಯಮದಂತೆ ಕೋಡ್ ಬರೆದವರಿಗೆ ಮಾತ್ರ ಮತ.

“ಸರ್, ಆ ದನಿ ದಿನಾ ಎಂಟು ಗಂಟೆ ಕೇಳೋಳು ನಾನು. ಬೇಕು ಬೇಡ ಅನ್ನೋರು ಮಾತ್ರ ಬೇರೆಯವ್ರಾ?”

ಇದೇಕೆ ಹೀಗೆ ಎಂದು ಮುರಿಗೆಪ್ಪನವರಿಗೂ ಕುತೂಹಲವಾಯಿತು. ನಿಯಮಾವಳಿ ತೆಗೆದು ಕೊನೆಯವರೆಗೆ ಓದಿದರು. ಒಂಬತ್ತು ವರ್ಷದಲ್ಲಿ ಹಾಗೆ ಓದಿದವರಲ್ಲಿ ಅವರೇ ಮೊದಲಿಗರು. ಇಪ್ಪತ್ತಮೂರನೆಯದಕ್ಕೆ ಬಂದು ನಿಂತರು: ‘ಸದಸ್ಯರು ಟೆರೇಸಿನ ಮೇಲೆ ಹಪ್ಪಳ, ಸಂಡಿಗೆ ಒಣಗಿಸತಕ್ಕದ್ದಲ್ಲ.’

ನಿಯಮ ಬರೆದವರು ಅನಂತರಾಜು, ನಾಲ್ವರು ಸಂಸ್ಥಾಪಕರಲ್ಲಿ ಒಬ್ಬರು. ತಮ್ಮ ಹೆಸರಿನ ಕೆಳಗೆ ‘ಮುಖ್ಯಸ್ಥರು, ನಿಯಮ ವಿಭಾಗ’ ಎಂದು ಹಾಕಿಕೊಳ್ಳುತ್ತಾರೆ. ಆ ವಿಭಾಗದಲ್ಲಿ ಬೇರೆ ಯಾರೂ ಇಲ್ಲ. ಭಾನುವಾರ ಕಾಫಿಗೆ ಸಿಕ್ಕಾಗ ಮುರಿಗೆಪ್ಪ ಕೇಳಿದರು:

“ನಮ್ಮ ಪ್ರೋಗ್ರಾಂ ಹಪ್ಪಳ ಎಲ್ಲಿ ಒಣಗಸ್ತೈತ್ರಿ?”

ಅನಂತರಾಜು ಲೋಟದೊಳಗೆ ನೋಡುತ್ತ ಒಪ್ಪಿಕೊಂಡರು. ನಿಯಮ ಬರೆಯುವಾಗ ಅವರು ಅಟ್ಟೂರಿನ ತಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಅಲ್ಲಿನ ನಿಯಮಾವಳಿಯನ್ನೇ ಎತ್ತಿ, ‘ಫ್ಲ್ಯಾಟ್’ ಇದ್ದಲ್ಲೆಲ್ಲ ‘ಕೋಡ್’ ಬರುವಂತೆ ಒಂದೇ ಏಟಿಗೆ ಬದಲಿಸಿದ್ದರು. ಅಲ್ಲಿ ಫ್ಲ್ಯಾಟ್ ಇದ್ದವರಿಗೆ ಮಾತ್ರ ಮತ, ಬಾಡಿಗೆಯವರಿಗಿಲ್ಲ. ಹಪ್ಪಳದ ಸಾಲಿನಲ್ಲಿ ‘ಫ್ಲ್ಯಾಟ್’ ಇರಲಿಲ್ಲ, ಅದು ಬದುಕಿಕೊಂಡಿತು. ಅತೀಯಾ ಬಾಡಿಗೆಯವರಾದರು.

ತಿದ್ದೋಣವೆಂದರೆ ಐದನೇ ನಿಯಮ ಅಡ್ಡ ಬಂತು: ಯಾವ ಬದಲಾವಣೆಗೂ ನಾಲ್ವರೂ ಸಂಸ್ಥಾಪಕರು ಒಪ್ಪಬೇಕು; ಉತ್ತರಿಸದವರು ವಿರೋಧಿಸಿದಂತೆ. ಅಪಾರ್ಟ್‌ಮೆಂಟಿನಲ್ಲಿ ಯಾರೋ ಟೆರೇಸ್ ಮಾರಿಬಿಟ್ಟಾರೆಂದು ಇಟ್ಟದ್ದು. ಸಂಸ್ಥಾಪಕರಲ್ಲೊಬ್ಬರಾದ ವಿರೂಪಾಕ್ಷ ಮೂರು ವರ್ಷದಿಂದ ಉಸಿರೆತ್ತಿಲ್ಲ.

ಮುರಿಗೆಪ್ಪ ಅತೀಯಾರ ಮಾತನ್ನೇ ಎತ್ತಲಿಲ್ಲ. ಹಪ್ಪಳದ ನಿಯಮ ತೆಗೆಯೋಣವೆಂದಷ್ಟೇ ಬರೆದರು. ಮೂವರು ಅಂದೇ ಒಪ್ಪಿದರು. ವಿರೂಪಾಕ್ಷರ ಉತ್ತರವಿಲ್ಲ. ಹದಿನೈದನೇ ದಿನ ಮುಖ್ಯಸ್ಥರೇ ಪ್ರಕಟಣೆ ಹೊರಡಿಸಬೇಕಾಯಿತು: ವಿರೋಧವಿರುವುದರಿಂದ ಹಪ್ಪಳದ ನಿಷೇಧ ಮುಂದುವರಿಯುತ್ತದೆ. ಅದರ ಕೆಳಗೆ ಜನ ನಕ್ಕದ್ದು ನೋಡಲಾರದೆ ಅವರೇ ಮುರಿಗೆಪ್ಪನವರನ್ನು ಹೊರಡಿಸಿಕೊಂಡು ಚಿಕ್ಕಬಾಣಾವರಕ್ಕೆ ಹೋದರು. ವಿರೂಪಾಕ್ಷ ಅಲ್ಲಿ ಗಣಿತದ ಟ್ಯೂಷನ್ ನಡೆಸುತ್ತಿದ್ದರು.

“ನಾ ಆಗಲೇ ರಾಜೀನಾಮೆ ಕೊಟ್ಟೀನ್ರಿ,” ಎಂದರು ವಿರೂಪಾಕ್ಷ. “ಅದಕ್ಕೂ ನಾಲ್ಕೂ ಮಂದಿ ಒಪ್ಪಬೇಕಂತ. ಒಬ್ಬರು ಉತ್ತರಾನ ಕೊಡಲಿಲ್ಲ.”

“ಯಾರದು?” ಎಂದರು ಅನಂತರಾಜು, ಗತ್ತಿನಿಂದ.

“ನೀವ.”

ಅಲ್ಲೇ ಕೂತು ಹೊಸ ಐದನೇ ನಿಯಮ ಬರೆದರು. ಬದಲಾವಣೆ ಬೇಕೆಂದವರು ಕಾರಣ ಬರೆದು ಹದಿನಾಲ್ಕು ದಿನ ಎಲ್ಲರಿಗೂ ಕಾಣುವಂತೆ ಇಡಬೇಕು, ಮೌನ ಲೆಕ್ಕಕ್ಕಿಲ್ಲ, ಬೇಡವೆನ್ನುವವರೂ ಕಾರಣ ಬರೆಯಬೇಕು. ನಾಲ್ಕನೇ ನಿಯಮವನ್ನೂ ತಿದ್ದಿದ್ದರಿಂದ ತಪ್ಪು ಹುಡುಕಿ ಕೊಟ್ಟವರಿಗೂ ಮತ ಬಂತು. ಉಳಿದಿಬ್ಬರು ಸಂಸ್ಥಾಪಕರು ಫೋನಿನಲ್ಲೇ ಹೂಂ ಅಂದರು. ವಿರೂಪಾಕ್ಷ ಒಪ್ಪಿ, ಅದೇ ಉಸಿರಿನಲ್ಲಿ ಇನ್ನೊಮ್ಮೆ ರಾಜೀನಾಮೆ ಕೊಟ್ಟರು.

ಮತದಾನಕ್ಕೆ ಮುಂಚೆ ಅತೀಯಾ ಒಂದು ಪೂರ್ತಿ ಪಾಳಿ ಹೊಸ ದನಿ ಕೇಳಿ ಕೆಲಸ ಮಾಡಿದರು. ಆಮೇಲೆ ಬೇಡವೆಂದು ಮತ ಹಾಕಿ ಕಾರಣ ಬರೆದರು: ಎರಡು ಸೊನ್ನೆ ಜೊತೆಗೆ ಬಂದರೆ ಇದು ಒಂದನ್ನು ನುಂಗುತ್ತದೆ. ನಮ್ಮಲ್ಲಿ ಐಸಿಯು ೧೦೦೨, ಕ್ಯಾಂಟೀನು ೧೦೨.

ಅದನ್ನು ಓದಿದ ಮೇಲೆ ಉಳಿದವರೂ ಬೇಡವೆಂದರು. ಎಂಟು ತಿಂಗಳ ದನಿ ಬಿದ್ದುಹೋಯಿತು. ಮುರಿಗೆಪ್ಪ ತಮ್ಮ ಚಾಳಿಯಂತೆ ಆ ಕಾರಣವನ್ನು ಪೂರ್ತಿ ಓದಿದರು, ಎರಡು ಸಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕಳೆದುಹೋದ ಸೊನ್ನೆಯನ್ನು ಹುಡುಕತೊಡಗಿದರು.